ಐದೂವರೆ ಗಂಟೆಯ ತಕರಾರು

ಕೊಳ್ಳೇಗಾಲದ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತು ನೋಡಿ. ಒಳಗೆ ಜೆರಾಕ್ಸ್ ಯಂತ್ರದ ಬಿಸಿ, ಹೊರಗೆ ಹನೂರು, ಬೆಟ್ಟ ಎಂದು ಕೂಗುವ ಕಂಡಕ್ಟರುಗಳ ಗದ್ದಲ. ಯಳಂದೂರು ಕಡೆಯಿಂದ ಬಂದ ಬಿಸಿಎ ಹುಡುಗನೊಬ್ಬ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಕೌಂಟರಿನ ಮೇಲಿಡುತ್ತಾನೆ. ವಿಂಡೋಸ್ ತೆರೆದುಕೊಳ್ಳುತ್ತದೆ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಪರದೆಯ ಬಲಮೂಲೆಯಲ್ಲಿ ಬೆಳಗಿನ ಜಾವ 5.30.

‘ಲಿನಕ್ಸ್ ಹಾಕ್ಸದಾಗಿಂದ ಹಿಂಗೇ ಅಣ್ಣ. ದಿನಾ ಸರಿ ಮಾಡ್ತೀನಿ, ದಿನಾ ಕೆಟ್ಟೋಯ್ತದೆ.’

‘ಸೆಲ್ ಹೋಗಿರ್ಬೇಕು ಬುಡು, ಹಾಕ್ಕೊಡ್ತೀನಿ.’

ಸೆಲ್ ಬದಲಾಗುತ್ತದೆ, ದುಡ್ಡೂ ಕೈ ಬದಲಾಗುತ್ತದೆ, ಗಡಿಯಾರ ಮಾತ್ರ ಎರಡನೆಯ ದಿನಕ್ಕೆ ಮತ್ತೆ ಅದೇ ರಾಗ. ಏಕೆಂದರೆ ಸೆಲ್ ಕೆಟ್ಟಿರಲೇ ಇಲ್ಲ. ವಿಂಡೋಸೂ ಕೆಟ್ಟಿಲ್ಲ, ಲಿನಕ್ಸೂ ಕೆಟ್ಟಿಲ್ಲ. ತಪ್ಪಿದ ಸಮಯ ಸರಿಯಾಗಿ ಐದೂವರೆ ಗಂಟೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಟ್ಟ ಯಂತ್ರ ಇಷ್ಟು ಕರಾರುವಾಕ್ಕಾಗಿ ತಪ್ಪುವುದಿಲ್ಲ. ರೋಗದ ಗುರುತು ಆ ಅಂಕಿಯಲ್ಲೇ ಇದೆ.

ಒಂದೇ ಯಂತ್ರಕ್ಕೆ ಎರಡು ಸಿಸ್ಟಮ್ ಯಾಕೆ?

ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಳ್ಳುವುದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಪವರ್ ಗುಂಡಿ ಒತ್ತಿದಾಗ ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಮೇಲೆ ಲಿನಕ್ಸಿನ ಒಂದು ರೂಪವಾದ ಉಬುಂಟು, ಕೆಳಗೆ ವಿಂಡೋಸ್. ಬಾಣದ ಕೀಲಿಯಿಂದ ಒಂದನ್ನು ಆರಿಸಿಕೊಂಡರೆ ಅದು ಎದ್ದು ಕೂರುತ್ತದೆ. ಇನ್ನೊಂದು ಡಿಸ್ಕಿನ ತನ್ನ ಪಾಲಿನಲ್ಲಿ ಸುಮ್ಮನಿರುತ್ತದೆ. ಎರಡೂ ಒಟ್ಟಿಗೆ ಓಡುವುದಿಲ್ಲ ಎಂಬುದು ಮುಂದಿನ ಕತೆಗೆ ಮುಖ್ಯ.

ನಮ್ಮ ಕಡೆ ಇದರ ಅಗತ್ಯಕ್ಕೆ ಕಾರಣಗಳು ಸರಳ. ‘ನುಡಿ’ಯಲ್ಲಿ ಕನ್ನಡ ಟೈಪ್ ಮಾಡಬೇಕು, ಲೆಕ್ಕಪತ್ರದ ಟ್ಯಾಲಿ ಕಲಿಯಬೇಕು, ಅದಕ್ಕೆ ವಿಂಡೋಸ್. ಪ್ರೋಗ್ರಾಮಿಂಗ್ ಕಲಿಯಬೇಕು, ಅದಕ್ಕೆ ಲಿನಕ್ಸ್. ಇದರ ಜೊತೆಗೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಸೇರಿದಂತೆ ಹಲವು ಷರತ್ತು. ಅಣ್ಣ ಓದಿ ತಮ್ಮನಿಗೆ ದಾಟಿಸಿದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಆ ಷರತ್ತು ಪೂರೈಸುವುದಿಲ್ಲ. ಎಸೆಯಲು ಮನಸ್ಸಾಗದವರು ವಿಂಡೋಸನ್ನು ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಿಸುತ್ತಾರೆ.

ಗಡಿಯಾಚೆ ಇದು ಇನ್ನೂ ಹಳೆಯ ಸಂಗತಿ. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರ್ 15ರಂದು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿದಾಗ ಯಂತ್ರದೊಳಗೆ ಎರಡು ಸಿಸ್ಟಮ್‌ಗಳಿದ್ದವು: ವಿಂಡೋಸ್ 7 ಸ್ಟಾರ್ಟರ್, ಜೊತೆಗೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್. ಚಾಮರಾಜನಗರಕ್ಕೆ ಅಂಟಿಕೊಂಡೇ ಇರುವ ಕನ್ನಡದ ಸೀಮೆ ತಾಳವಾಡಿ, ಈರೋಡ್ ಜಿಲ್ಲೆಗೆ ಸೇರಿದ್ದು. ಡ್ಯುಯಲ್ ಬೂಟ್ ಎಂಬ ಹೆಸರು ಕೇಳದೆಯೇ ಅದನ್ನು ಕೈಗೆ ಪಡೆದ ತಲೆಮಾರು ಆ ಯೋಜನೆಯದು.

ಬೋರ್ಡಿನ ಮೇಲಿನ ಪುಟ್ಟ ಗಡಿಯಾರ

ಕಂಪ್ಯೂಟರ್ ಆಫ್ ಮಾಡಿ ವಾರ ಬಿಟ್ಟು ಹಾಕಿದರೂ ಸಮಯ ಗೊತ್ತಿರುತ್ತದಲ್ಲ, ಹೇಗೆ?

1981ರಲ್ಲಿ ಬಂದ ಐಬಿಎಂನ ಮೊದಲ ಪಿಸಿಗೆ ಗೊತ್ತಿರಲಿಲ್ಲ. ಪ್ರತಿ ಸಲ ಹಾಕಿದಾಗಲೂ ‘ಇವತ್ತು ಯಾವ ತಾರೀಕು, ಗಂಟೆ ಎಷ್ಟು’ ಎಂದು ಅದು ಕೂತವರನ್ನೇ ಕೇಳುತ್ತಿತ್ತು. 1984ರ ಪಿಸಿ-ಎಟಿ ಮಾದರಿಯಲ್ಲಿ ಐಬಿಎಂ ಮೊಟೊರೋಲಾ ಕಂಪನಿಯ ಎಂಸಿ146818 ಎಂಬ ಚಿಪ್ ಕೂರಿಸಿ, ಅದಕ್ಕೊಂದು ಬ್ಯಾಟರಿ ಕೊಟ್ಟಿತು. ಕರೆಂಟ್ ಇರಲಿ ಬಿಡಲಿ, ಅದು ಎಣಿಸುತ್ತಲೇ ಇರುತ್ತದೆ. ಇವತ್ತಿನ ಯಂತ್ರಗಳಲ್ಲಿ ಆ ಚಿಪ್ ಬೇರೆ ಚಿಪ್‌ಗಳೊಳಗೆ ಕರಗಿಹೋಗಿದೆ, ಪದ್ಧತಿ ಮಾತ್ರ ಅದೇ. ಪಕ್ಕದಲ್ಲೊಂದು ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹದಿನೈದನೆಯ ಘಾತಕ್ಕೆ ಹೋದರೆ ಸಿಗುವ ಸಂಖ್ಯೆ ಅದು; ಹದಿನೈದು ಸಲ ಅರ್ಧ ಮಾಡಿದರೆ ಒಂದು ಸೆಕೆಂಡ್ ಸಿಗುತ್ತದೆ. ಡೆಸ್ಕ್‌ಟಾಪುಗಳಲ್ಲಿ ಅದಕ್ಕೆ ಶಕ್ತಿ ಕೊಡುವುದು ನಾಣ್ಯದಂತಹ ಸಿಆರ್2032 ಸೆಲ್. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಹೊಸ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಈ ಸೆಲ್ಲೂ ಇರುವುದಿಲ್ಲ, ದೊಡ್ಡ ಬ್ಯಾಟರಿಯೇ ಇದನ್ನೂ ಸಾಕುತ್ತದೆ.

ಈಗ ಆ ಮೂಲ ಚಿಪ್ಪಿನ ಹೊಟ್ಟೆಯೊಳಗೆ ಇಣುಕೋಣ. ಇರುವುದೇ 64 ಬೈಟ್ ಜಾಗ. ಅದರಲ್ಲಿ ಗಡಿಯಾರಕ್ಕೂ ಅದರ ನಿಯಂತ್ರಣಕ್ಕೂ 14. ಸೆಕೆಂಡ್, ನಿಮಿಷ, ಗಂಟೆ, ವಾರ, ತಾರೀಕು, ತಿಂಗಳು, ವರ್ಷ ಎಂದು ಒಂದೊಂದಕ್ಕೆ ಒಂದೊಂದು ಮನೆ. ವರ್ಷಕ್ಕೂ ಎರಡೇ ಅಂಕಿ, ಶತಮಾನ ನಿಮಗೇ ಗೊತ್ತಿರಬೇಕು! ಆ ಮನೆಗಳ ಸಾಲಿನಲ್ಲಿ ಒಂದು ಮನೆ ಇಲ್ಲವೇ ಇಲ್ಲ: ಈ ಗಂಟೆ ಯಾವ ಊರಿನದು ಎಂದು ಬರೆದಿಡುವ ಮನೆ.

ಸಂತೆಯ ಚೀಟಿಯಲ್ಲಿ ಬರೀ ‘ಹತ್ತು’ ಎಂದು ಬರೆದಿದ್ದರೆ ಹತ್ತು ಕೆಜಿಯೋ ಹತ್ತು ಸೇರೋ ಬರೆದವರೇ ಬಂದು ಹೇಳಬೇಕು. ಆ ಚಿಪ್ ಕೊಡುವುದು ಅಂತಹ ಚೀಟಿಯನ್ನೇ.

ಬರೆದವರೊಬ್ಬರು, ಓದುವವರೊಬ್ಬರು

ವಿಂಡೋಸ್ ಆ ಚೀಟಿಯನ್ನು ಊರಿನ ಸಮಯ ಎಂದು ಓದುತ್ತದೆ. ಅದು ಮೈಕ್ರೋಸಾಫ್ಟಿನ ಹಳೆಯ ಸಿಸ್ಟಮ್ ಡಾಸ್‌ನ ವಂಶದ್ದು. ಮೇಜಿನ ಮುಂದೆ ಕೂತ ಒಬ್ಬನೇ ಮನುಷ್ಯ ತನ್ನ ಕೈಗಡಿಯಾರ ನೋಡಿ ಟೈಪಿಸಿದ್ದೇ ಡಾಸ್‌ಗೆ ಸಮಯ. ಹಳೆಯ ಪ್ರೋಗ್ರಾಮುಗಳು ಕೆಡದಿರಲಿ, ಬಯಾಸ್ ಎಂಬ, ಸಿಸ್ಟಮ್ ಏಳುವ ಮುಂಚಿನ ಸೆಟ್ಟಿಂಗ್ ಪರದೆಯಲ್ಲಿ ಸಮಯ ನೋಡಿದವರು ಗಾಬರಿಯಾಗದಿರಲಿ ಎಂದು ವಿಂಡೋಸ್ ಅದೇ ರೂಢಿ ಉಳಿಸಿಕೊಂಡಿತು.

ಲಿನಕ್ಸಿನ ಮನೆತನ ಬೇರೆ. ಅದರ ಹಿರಿಯ ಯುನಿಕ್ಸ್ ಬೆಳೆದದ್ದು ನೂರಾರು ಜನ ಹಂಚಿಕೊಳ್ಳುವ ದೊಡ್ಡ ಯಂತ್ರಗಳಲ್ಲಿ. ಯಾರು ಯಾವ ಊರಿಂದ ಬರುತ್ತಾರೋ ಗೊತ್ತಿಲ್ಲದ ಕಡೆ ಯಂತ್ರಕ್ಕೆ ಒಂದೇ ಸಮಯ ಇರಲಿ, ತೋರಿಸುವಾಗ ಅವರವರ ಊರಿನ ಲೆಕ್ಕ ಸೇರಿಸೋಣ ಎಂಬುದು ಅದರ ನಿಲುವು. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಅದು ಎಣಿಸುತ್ತದೆ. ಬೋರ್ಡಿನ ಗಡಿಯಾರದಲ್ಲಿ ಬರೆಯುವುದು ಯುಟಿಸಿ, ಅಂದರೆ ಜಗತ್ತಿನ ಸಾಮಾನ್ಯ ಸಮಯ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ.

ಹುಡುಗನ ಲ್ಯಾಪ್‌ಟಾಪಿನ ಲೆಕ್ಕ ಈಗ ಬಿಡಿಸಬಹುದು. ಬೆಳಿಗ್ಗೆ 11ಕ್ಕೆ ಲಿನಕ್ಸ್ ಓಡುತ್ತಿದೆ ಎನ್ನಿ. ಇಂಟರ್‌ನೆಟ್‌ನಿಂದ ಸಮಯ ಸರಿಪಡಿಸಿಕೊಂಡ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಹನ್ನೊಂದು ನಿಮಿಷಕ್ಕೊಮ್ಮೆ ಬೋರ್ಡಿನ ಗಡಿಯಾರವನ್ನೂ ತಿದ್ದುತ್ತದೆ. ಅದು ಬರೆದದ್ದು 5.30. ಯುಟಿಸಿ ಲೆಕ್ಕದಲ್ಲಿ ನೂರಕ್ಕೆ ನೂರು ಸರಿ. ಹುಡುಗ ರೀಸ್ಟಾರ್ಟ್ ಮಾಡಿ ವಿಂಡೋಸ್ ಆರಿಸುತ್ತಾನೆ. ವಿಂಡೋಸ್ ಚೀಟಿ ನೋಡುತ್ತದೆ, 5.30. ಸರಿ, ಬೆಳಗಾಗುತ್ತಿದೆ ಎಂದುಕೊಳ್ಳುತ್ತದೆ. ಹುಡುಗ ಅದನ್ನು 11ಕ್ಕೆ ತಿದ್ದುತ್ತಾನೆ. ವಿಂಡೋಸ್ ಚೀಟಿಯಲ್ಲಿ 11 ಎಂದೇ ಬರೆಯುತ್ತದೆ. ಮತ್ತೆ ಲಿನಕ್ಸ್‌ಗೆ ಹೋದರೆ ಅದು 11ನ್ನು ಯುಟಿಸಿ ಎಂದುಕೊಂಡು ಐದೂವರೆ ಕೂಡಿಸಿ ಸಂಜೆ 4.30 ತೋರಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನೆಟ್ ಸಿಕ್ಕ ಕೂಡಲೇ ಲಿನಕ್ಸ್ ಸಾಮಾನ್ಯವಾಗಿ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ, ನೋಡುವಷ್ಟರಲ್ಲಿ ಸರಿಯಾಗಿರುತ್ತದೆ. ಮನೆಯ ಕಂಪ್ಯೂಟರಿನ ವಿಂಡೋಸ್ ಅಷ್ಟು ಚುರುಕಲ್ಲ, ಅದು ಅಪರೂಪಕ್ಕೆ ಕೇಳುವುದೇ ರೂಢಿ. ಹಾಗಾಗಿ ತಪ್ಪು ಸಮಯ ಕಣ್ಣಿಗೆ ಬೀಳುವುದು ಹೆಚ್ಚಾಗಿ ವಿಂಡೋಸಿನಲ್ಲಿ. ‘ವಿಂಡೋಸ್ ಟೈಮ್ ಕೆಟ್ಟಿದೆ’ ಎಂಬ ದೂರು, ‘ಸೆಲ್ ಹೋಗಿದೆ’ ಎಂಬ ತೀರ್ಪು, ಎರಡೂ ಹುಟ್ಟುವುದು ಇಲ್ಲಿಂದ. ಹನೂರಿನಾಚೆ, ನೆಟ್‌ವರ್ಕ್ ಬಂದರೆ ಬಂತು ಎಂಬಂತಹ ಕಾಡಂಚಿನ ಊರುಗಳಲ್ಲಿ ಲಿನಕ್ಸೂ ತಿದ್ದಿಕೊಳ್ಳುವುದಿಲ್ಲ. ಅಲ್ಲಿ ಎರಡೂ ಕಡೆ ತಪ್ಪು ಕಾಣುತ್ತದೆ, ಒಂದು ಹಿಂದೆ, ಒಂದು ಮುಂದೆ.

ಮದರಾಸು ಟೈಮಿನ ಕೊಳ್ಳೇಗಾಲ

ಒಂದೇ ಸೀಮೆಯಲ್ಲಿ ಎರಡು ಸಿಸ್ಟಮ್ ಎಂದರೇನೆಂದು ಈ ಭಾಗದ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ಯಳಂದೂರು ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಅರ್ಧ ಗಂಟೆಯ ಬಸ್ ದಾರಿಯ ಕೊಳ್ಳೇಗಾಲ, ಅದರೊಳಗೇ ಇದ್ದು ಈಗ ಬೇರೆ ತಾಲ್ಲೂಕಾಗಿರುವ ಹನೂರು, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

ಬ್ರಿಟಿಷರ ಕಾಲದ ಮದರಾಸಿಗೆ ತನ್ನದೇ ಸಮಯವಿತ್ತು. ಅಲ್ಲಿನ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ನಗರದ ರೇಖಾಂಶ ಲೆಕ್ಕ ಹಾಕಿದ. ಮುಂದೆ ರೈಲುಗಳೂ ಆ ಗಡಿಯಾರವನ್ನೇ ಹಿಡಿದವು. ಗ್ರೀನಿಚ್‌ಗಿಂತ ಐದು ಗಂಟೆ ಇಪ್ಪತ್ತೊಂದು ನಿಮಿಷ ಚಿಲ್ಲರೆ ಮುಂದೆ. ಮುಂಬೈಗೆ ಬೇರೆ ಸಮಯ, ಕಲ್ಕತ್ತಕ್ಕೆ ಬೇರೆ. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಸಮಯ ಎಂದು ನಿಗದಿಯಾಗಿ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶ ಅದಕ್ಕೆ ಆಧಾರವಾಯಿತು. ಮದರಾಸಿನ ಗಡಿಯಾರ ಸುಮಾರು ಒಂಬತ್ತು ನಿಮಿಷ ಮುಂದೆ ಸರಿಯಿತು, ಅಷ್ಟೇ. ಮುಂಬೈ ಮಾತ್ರ ಒಪ್ಪಲಿಲ್ಲ. 39 ನಿಮಿಷದ ಜಿಗಿತ ಅದಕ್ಕೆ. ಅಲ್ಲಿ ಹಳೆಯ ‘ಬಾಂಬೆ ಟೈಮ್’ 1955ರವರೆಗೂ ಕೆಲವರ ಬಳಕೆಯಲ್ಲಿ ಉಳಿಯಿತು. ಒಂದೇ ಊರಲ್ಲಿ ಎರಡು ಗಡಿಯಾರ, ಎರಡೂ ತಮ್ಮ ಲೆಕ್ಕಕ್ಕೆ ಸರಿ. ಇದಕ್ಕಿಂತ ಒಳ್ಳೆಯ ಡ್ಯುಯಲ್ ಬೂಟ್ ಉದಾಹರಣೆ ನನಗೆ ಗೊತ್ತಿಲ್ಲ.

ತಮಾಷೆ ಏನೆಂದರೆ ಈ ಚರಿತ್ರೆಯೆಲ್ಲ ಹುಡುಗನ ಲ್ಯಾಪ್‌ಟಾಪಿನೊಳಗೇ ಇದೆ. ಲಿನಕ್ಸ್ ಬಳಸುವ ಸಮಯವಲಯಗಳ ದಾಖಲೆಯಲ್ಲಿ ‘ಏಷ್ಯಾ/ಕೋಲ್ಕತ್ತ’ ಎಂಬ ಹೆಸರಿನಡಿ 1870ರಿಂದ 1906ರವರೆಗೆ ಮದರಾಸು ಟೈಮ್ ಎಂದು ಬರೆದಿದೆ: 5 ಗಂಟೆ 21 ನಿಮಿಷ 10 ಸೆಕೆಂಡ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟದ್ದು, 1945ರ ಅಕ್ಟೋಬರ್‌ನಲ್ಲಿ ಮತ್ತೆ ಹಿಂದೆ ತಂದದ್ದೂ ಅಲ್ಲಿದೆ.

ಇನ್ನು ‘ಊರಿನ ಸಮಯ’ ಎಂಬ ಮಾತನ್ನು ಅಕ್ಷರಶಃ ಹಿಡಿದರೆ, ಕೊಳ್ಳೇಗಾಲ ಇರುವುದು 77.1 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಸೂರ್ಯನ ಲೆಕ್ಕದಲ್ಲಿ ನಮ್ಮೂರ ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 21-22 ನಿಮಿಷ ತಡ. ಹನೂರಿಗೂ ಯಳಂದೂರಿಗೂ ನಡುವೆಯೇ ಒಂದು ನಿಮಿಷದ ಆಸುಪಾಸು ವ್ಯತ್ಯಾಸವಿದೆ. ಅಂದಮೇಲೆ ವಿಂಡೋಸ್ ಹೇಳುವ ಊರಿನ ಸಮಯವೂ ಒಪ್ಪಂದದ ಸಮಯವೇ.

ತಪ್ಪಿದರೆ ಏನು ಕೆಡುತ್ತದೆ

ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ ಎಂಬ ಹೆದರಿಕೆ ಸಾಮಾನ್ಯ. ಐದೂವರೆ ಗಂಟೆಯ ತಪ್ಪಿಗೆ ಅದು ಅಪರೂಪ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಅವಧಿ ಇರುತ್ತದೆ. ಆಗತಾನೆ ಹೊಸದಾಗಿ ಪಡೆದ ಪತ್ರವಾದರೆ ಮಾತ್ರ ತೊಡಕು. ವರ್ಷವೇ ತಪ್ಪಿದ್ದರೆ ಬೇರೆ ಮಾತು.

ನಿಜವಾಗಿ ಕೆಡುವುದು ಸಣ್ಣಪುಟ್ಟ ಲೆಕ್ಕ. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಸಂಖ್ಯೆಯನ್ನು ಲ್ಯಾಪ್‌ಟಾಪಿನಲ್ಲೇ ಹುಟ್ಟಿಸಿಕೊಳ್ಳುವವರಿಗೆ ಅದು ಹೊಂದುವುದಿಲ್ಲ. ಸಿ ಪ್ರೋಗ್ರಾಮ್ ಕಂಪೈಲ್ ಮಾಡುವಾಗ ‘ಈ ಫೈಲ್ ಭವಿಷ್ಯದಲ್ಲಿ ತಿದ್ದಿದ್ದು’ ಎಂಬರ್ಥದ ಎಚ್ಚರಿಕೆ ಬರುತ್ತದೆ, ಹೊಸದನ್ನು ಬಿಟ್ಟು ಹಳೆಯದೇ ಉಳಿದುಬಿಡಬಹುದು. ಬೆಳಿಗ್ಗೆ ಬರೆದ ಅಸೈನ್‌ಮೆಂಟ್ ಮಧ್ಯಾಹ್ನ ಬರೆದದ್ದಕ್ಕಿಂತ ಹೊಸದಾಗಿ ಕಾಣುತ್ತದೆ.

ತಾರೀಕೂ ಜಾರುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ವಿಂಡೋಸ್ ನಿನ್ನೆಯಲ್ಲೇ ಇರುತ್ತದೆ. ಸಂಜೆ ಆರೂವರೆ ದಾಟಿದರೆ ನೆಟ್ ಸಿಗದ ಲಿನಕ್ಸ್ ನಾಳೆಗೆ ಹೋಗಿರುತ್ತದೆ. ಹಾಲಿನ ಡೇರಿಯ ಲೆಕ್ಕವನ್ನು ಇಂತಹ ಲ್ಯಾಪ್‌ಟಾಪಿನಲ್ಲಿ ಬರೆಯುವವರಿದ್ದರೆ, ಬೆಳಿಗ್ಗೆ ಐದಕ್ಕೆ ಅಳೆದ ಹಾಲು ನಿನ್ನೆ ರಾತ್ರಿ 11.30ರ ಲೆಕ್ಕಕ್ಕೆ ಬೀಳುತ್ತದೆ. ವಾರದ ಬಟವಾಡೆ ದಿನ ಅದನ್ನು ವಿವರಿಸುವ ಕಷ್ಟ ಬರೆದವನಿಗೇ ಇರಲಿ.

ಸೆಲ್ಲೋ, ಲೆಕ್ಕವೋ?

ಅಂಗಡಿಗೆ ಹೋಗುವ ಮುಂಚೆ ಎಷ್ಟು ತಪ್ಪಿದೆ ಎಂದು ನೋಡಿ. ಸರಿಯಾಗಿ ಐದೂವರೆ ಗಂಟೆ ಎಂದರೆ ಎರಡು ಸಿಸ್ಟಮ್‌ಗಳ ತಕರಾರು. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ ವಿಂಡೋಸ್ ಹಾಕಿಕೊಟ್ಟವರು ಅಮೆರಿಕದ ಪಶ್ಚಿಮ ತೀರದ ಸಮಯವಲಯವನ್ನು ಹಾಗೇ ಬಿಟ್ಟಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ‘ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ’ ಎಂಬ ಸಾಲು ಆರಿಸಿದರೆ ಮುಗಿಯಿತು. (ಬೆಂಗಳೂರಿಗೆ ಆ ಸಾಲಿನಲ್ಲಿ ಜಾಗವಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.) ಕರೆಂಟ್ ತೆಗೆದಿಟ್ಟು ಮತ್ತೆ ಹಾಕಿದಾಗ ತಾರೀಕೇ ಯಾವುದೋ ಹಳೆಯ ವರ್ಷಕ್ಕೆ ಓಡಿಹೋಗಿದ್ದರೆ, ಅಥವಾ ತಪ್ಪುವ ಅಂತರ ದಿನಕ್ಕೊಂದು ತರಹ ಇದ್ದರೆ, ಆಗ ಸೆಲ್ ಬದಲಾಯಿಸಿ.

ಒಬ್ಬರನ್ನು ಒಪ್ಪಿಸಿದರೆ ಸಾಕು

ದಿನಾ ಗಡಿಯಾರ ತಿದ್ದುವುದು ಪರಿಹಾರವಲ್ಲ. ಚೀಟಿ ಓದುವ ಪದ್ಧತಿಯನ್ನು ಇಬ್ಬರಲ್ಲಿ ಒಬ್ಬರು ಬದಲಾಯಿಸಬೇಕು.

ಲಿನಕ್ಸನ್ನು ಒಪ್ಪಿಸುವುದಾದರೆ ಮೊದಲು ಅದರಲ್ಲಿ ಸಮಯ ಸರಿಯಿದೆಯೇ ನೋಡಿಕೊಳ್ಳಿ. ಆಮೇಲೆ ಟರ್ಮಿನಲ್ ತೆರೆದು ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿ. ಮೊದಲ ಪದದೊಳಗೆ ಜಾಗ ಬಿಡಬಾರದು, ಎರಡನೆಯದರಲ್ಲಿ ಅಡ್ಡಗೆರೆಗಳಿರಬೇಕು, ಕೊನೆಯ 1ರ ಮುಂದೆ ಜಾಗವಿರಬೇಕು. ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ಇನ್ನು ಮುಂದೆ ಲಿನಕ್ಸ್ ಕೂಡ ಚೀಟಿಯನ್ನು ಊರಿನ ಸಮಯ ಎಂದೇ ಓದುತ್ತದೆ. ಬದಲಾದದ್ದನ್ನು ಕಣ್ಣಾರೆ ನೋಡಬೇಕೆಂದರೆ ‘ಇಟಿಸಿ’ ಫೋಲ್ಡರಿನಲ್ಲಿ ‘ಅಡ್ಜ್‌ಟೈಮ್’ ಎಂಬ ಫೈಲ್ ತೆರೆಯಿರಿ. ಇರುವುದೇ ಮೂರು ಸಾಲು, ಮೂರನೆಯದು ‘ಯುಟಿಸಿ’ ಹೋಗಿ ‘ಲೋಕಲ್’ ಆಗಿರುತ್ತದೆ. ಬೇಡವೆನಿಸಿದರೆ ಅದೇ ಆದೇಶದಲ್ಲಿ 1ರ ಬದಲು 0.

ವಿಂಡೋಸನ್ನು ಒಪ್ಪಿಸುವುದಾದರೆ ರಿಜಿಸ್ಟ್ರಿ ಎಡಿಟರ್ ತೆರೆಯಬೇಕು. ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟೈಮ್ ಝೋನ್ ಇನ್ಫರ್ಮೇಶನ್ ಎಂದು ಒಂದರೊಳಗೊಂದು ಇಳಿದು, ‘ರಿಯಲ್ ಟೈಮ್ ಈಸ್ ಯೂನಿವರ್ಸಲ್’ ಎಂಬ ಹೆಸರನ್ನು ಪದಗಳ ನಡುವೆ ಜಾಗ ಬಿಡದೆ ಬರೆದು, ಡಿ-ವರ್ಡ್ ಮಾದರಿಯ ಬೆಲೆ 1 ಕೊಡಬೇಕು. ಆಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಈಗಿನ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಇರುವುದರಿಂದ ಶಟ್‌ಡೌನ್ ಎಂದರೆ ಅರ್ಧ ನಿದ್ದೆ. ಬಳಿಕ ಸಮಯದ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ‘ಸಿಂಕ್ ನೌ’ ಒತ್ತಿ.

ಎರಡರಲ್ಲಿ ಯಾವುದು? ತಾಂತ್ರಿಕ ಶುದ್ಧಿಯವರು ಎರಡನೆಯದಕ್ಕೇ ಮತ ಹಾಕುತ್ತಾರೆ. ಮೊದಲ ದಾರಿ ಹಿಡಿದರೆ ಲಿನಕ್ಸ್ ತಾನೇ ಎಚ್ಚರಿಕೆ ಕೊಡುತ್ತದೆ: ಸಮಯವಲಯ ಬದಲಾದಾಗ, ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ತಿರುಗಿಸುವಾಗ ತೊಂದರೆಯಾದೀತು ಎಂದು. ಭಾರತದಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ, ಒಂದೇ ವಲಯ. ಹಾಗಾಗಿ ಊರಲ್ಲೇ ಇರುವ ಲ್ಯಾಪ್‌ಟಾಪಿಗೆ ಮೊದಲ ದಾರಿಯೇ ಸಾಕು ಎಂಬುದು ನನ್ನ ಮತ. ಒಂದು ಸಾಲಿನ ಕೆಲಸ, ಒಂದು ಸಾಲಿನಲ್ಲಿ ವಾಪಸ್. ಕೈ ಜಾರಿದರೆ ಬೇರೇನನ್ನೋ ಅಳಿಸಿಬಿಡಬಹುದಾದ ರಿಜಿಸ್ಟ್ರಿಗೆ, ಅದೂ ಬೇರೆಯವರ ಯಂತ್ರದಲ್ಲಿ, ಯಾಕೆ ಇಳಿಯಬೇಕು?

ಎರಡನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ. ಆಗ ಇಬ್ಬರೂ ಪಕ್ಷ ಬದಲಾಯಿಸಿದಂತಾಗಿ ತಕರಾರು ಹಾಗೇ ಉಳಿಯುತ್ತದೆ, ವಿಂಡೋಸ್ ಐದೂವರೆ ಗಂಟೆ ಮುಂದೆ ಓಡುತ್ತದೆ.

ಲ್ಯಾಪ್‌ಟಾಪ್ ಹಿಡಿದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗುವ ಮಕ್ಕಳಿಗೆ ನನ್ನ ಸಲಹೆ ತಿರುಗಮುರುಗ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಚೀಟಿಯಲ್ಲಿ ಊರಿನ ಸಮಯ ಇದ್ದರೆ ಆ ಒಂದು ಗಂಟೆಯನ್ನು ಯಾರು ತಿದ್ದಿದರು, ಯಾರು ತಿದ್ದಬೇಕು ಎಂಬುದು ಎರಡೂ ಸಿಸ್ಟಮ್‌ಗೆ ತಿಳಿಯದು. ಅವರು ವಿಂಡೋಸನ್ನೇ ಯುಟಿಸಿಗೆ ಒಗ್ಗಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ದಾರಿ ಹಿಡಿದವರಿಗೆ ಇನ್ನೊಂದು ಮಾತು. ನಿಮ್ಮ ಯಂತ್ರದ ಬಯಾಸ್ ಪರದೆಯಲ್ಲಿ ಇನ್ನು ಮುಂದೆ ಸಮಯ ಸದಾ ಐದೂವರೆ ಗಂಟೆ ಹಿಂದೆಯೇ ಕಾಣುತ್ತದೆ. ರಿಪೇರಿಗೆ ಕೊಡುವಾಗ ಅಂಗಡಿಯವರಿಗೆ ಅದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ‘ಸರಿ’ ಮಾಡಿ ಕಳಿಸುತ್ತಾರೆ.